ನಳಿಗೆಯ ಮೇಲಿನ ಕೈ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಹೊನ್ನವಳ್ಳಿಯ ಶೆಡ್ಡಿನಲ್ಲಿ ಕರಟ ಒಡೆದು ಕೊಬ್ಬರಿ ಬಿಡಿಸುತ್ತಿದ್ದ ನಾವು ಹೆಂಗಸರು, ಕರೆಂಟ್ ಹೋದದ್ದೇ ಕೈ ನಿಲ್ಲಿಸಿ ಒತ್ತೊತ್ತಾಗಿ ಕೂತೆವು. ಯಾರೋ ತೋಂಟದಾರ್ಯನ ಹೆಸರೆತ್ತಿದರು. ಅವನ ಪಕ್ಕದ ಮನೆಯ ಮೀನಾಕ್ಷಮ್ಮ, ನಮ್ಮೆಲ್ಲರಿಗಿಂತ ಹಿರಿಯರು, ಸೆರಗು ಹೊದ್ದು ಶುರು ಮಾಡಿದರು.

“ನೀವೆಲ್ಲ ಏನೇನೋ ಕೇಳಿರ್ತೀರ... ನಾನು ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ ಕಣ್ರೇ. ಅವನ ತಮ್ಮ ಜ್ಞಾನೇಶ ತೋಟದ ಬಾವಿಗೆ ಬಿದ್ದು ಸತ್ತನಲ್ಲ, ಅವತ್ತು ತಾನು ತೋಟದ ಕಡೆ ತಲೆನೇ ಹಾಕಿಲ್ಲ ಅಂತ ಈ ಅಣ್ಣ ಎಲ್ರ ಮುಂದೆ ಅತ್ತಿದ್ದ. ನಾವೂ ನಂಬಿದ್ವಿ. ಯಾಕೆ ನಂಬಬಾರ್ದು, ಹೇಳ್ರೇ?

ಆಮೇಲೆ, ಕೋತಿ ಹೆದರಿಸೋಕೆ ಇಟ್ಕಂಡಿದ್ದ ಲೈಸೆನ್ಸ್ ಬಂದೂಕ ತುಕ್ಕು ಹಿಡೀತು ಅಂತ, ಫೋನಾಗೆ ನೋಡಿ ಕಲ್ತು, ಮನೇಲೇ ಅದರ ನಳಿಗೆಗೆ ಕಪ್ಪು ಹತ್ತಿಸೋಕೆ ಕೂತ. ಹಳೇ ತುಕ್ಕು ಉಜ್ಜಿ ತೆಗ್ದು, ಸೋಪಲ್ಲಿ ತೊಳ್ದು, ಉಪ್ಪು-ವಿನೆಗರ್ ಸವರಿ ಬಚ್ಚಲಾಗೆ ಇಡೋನು. ಬೆಳಗಾದ್ರೆ ಹೊಸ ತುಕ್ಕು ಕೆಂಪಗೆ ಎದ್ದಿರೋದು. ನೀರಲ್ಲಿ ಕುದಿಸಿದ್ರೆ ಆ ತುಕ್ಕೇ ಕಪ್ಪಾಗಿ ಕಬ್ಬಿಣಕ್ಕೆ ಕಚ್ಕಳ್ಳೋದು... ಉಜ್ಜಿ, ಮತ್ತೆ ಸವರೋನು. ನಳಿಗೆಯೆಲ್ಲ ಕಾಡಿಗೆಯಂಗಾಯ್ತು, ತುದೀಲಿ ಒಂದು ಜಾಗ ಮಾತ್ರ ಬೆಳ್ಳಗೇ ಉಳೀತು. ಜಿಡ್ಡಿರ್ಬೇಕು ಅಂತ ಸೋಡಾ ಹಾಕಿ ತೊಳ್ದ, ಎಮರಿ ಪೇಪರ್ ಹಾಕಿ ತಿಕ್ಕಿದ. ತಿಕ್ಕಿದಷ್ಟೂ ಎದ್ದು ಕಾಣ್ತು... ಬೆರಳು ಕಣ್ರೇ. ಬಿಗಿಯಾಗಿ ಹಿಡ್ಕಂಡಿರೋ ಕೈಯಿನ ಬೆರಳು. ತೋರುಬೆರಳು ಅರ್ಧಕ್ಕೇ ನಿಂತಿತ್ತು.

ಕಾಯಿ ಸುಲಿಯೋ ಮಿಷಿನ್‌ಗೆ ಅರ್ಧ ಬೆರಳು ಕೊಟ್ಟಿದ್ದೋನು ಆ ಮನೇಲಿ ಜ್ಞಾನೇಶ ಒಬ್ನೇ!

ಬಿಸಿಲಿಗೆ ಇಟ್ಟಿದ್ದಾಗ ಜ್ಞಾನೇಶನ ಹೆಂಡ್ತಿ ಇಂಪನಾ ಅದನ್ನ ನೋಡ್ಬುಟ್ಳು. ನಾನು ಕಾಂಪೌಂಡಿನ ಈಚೆ ಬಟ್ಟೆ ಹಿಂಡ್ತಿದ್ದೆ. ‘ಭಾವ, ಬಂದೂಕನ ಬೀಗ ಹಾಕಿ ಇಡ್ತಿದ್ರಿ, ನಮ್ಮನೆಯವ್ರಿಗೆ ಮುಟ್ಟೋಕೂ ಬಿಡ್ತಿರ್ಲಿಲ್ಲ. ಅವ್ರು ಇದನ್ನ ಯಾವಾಗ ಹಿಡ್ಕಂಡ್ರು?’ ಅಂದ್ಳು. ಕೂಗಾಡ್ಲಿಲ್ಲ. ಅವನು ಹೆಗಲ ಮ್ಯಾಲಿನ ಟವಲು ತಗ್ದು ಆ ಗುರುತಿನ ಮ್ಯಾಲೆ ಹಾಕ್ದ. ‘ಪಾಲು ಕೇಳ್ದ ಅಂತ ಸಿಟ್ಟಿತ್ತು ಕಣಮ್ಮ... ಅವನೇ ಕಾಲು ಜಾರಿ ಬಿದ್ದ, ನಾನೇ ಬಂದೂಕ ಚಾಚ್ದೆ, ಹಿಡ್ಕಂಡ... ಮ್ಯಾಲೆ ಬಂದ್ರೆ ಮತ್ತೆ ಕೇಳ್ತಾನಲ್ಲ ಅನ್ನಿಸ್ತು... ಕೊಸರ್ಕಂಡ್‌ಬುಟ್ಟೆ’ ಅಂದ.

ಅವಳು ಅವತ್ತೇ ಪೊಲೀಸ್ರಿಗೆ ಹೇಳಿದ್ಳು. ಬಂದೂಕ ಸ್ಟೇಷನ್ನಿಗೆ ಹೋಯ್ತು, ಅವಳು ತೌರಿಗೆ ಹೋದ್ಳು. ಇವನು ಜಾಮೀನಿನ ಮ್ಯಾಲೆ ಬಂದು ಒಬ್ನೇ ಅವ್ನೆ.

ಮುಗೀತು ಅಂದ್ಕಂಡ್ರಾ? ಗೇಟಿಗೆ ಪೈಂಟ್ ಹೊಡೆಸ್ದ, ಒಂದು ಸರಳಿನ ಮ್ಯಾಲೆ ಬಣ್ಣ ನಿಲ್ಲಲಿಲ್ಲ... ಆಚೆಯಿಂದ ಯಾರೋ ಹಿಡ್ಕಂಡಂಗೆ. ಮೊನ್ನೆ ತಾನು ಮಲಗೋ ಕಬ್ಬಿಣದ ಮಂಚಕ್ಕೂ ಹೊಡೆಸ್ದ. ಅವನೇ ಕೂಗಿದ, ನಾನು ಹೋಗಿ ನೋಡ್ದೆ... ತಲೆ ಕಡೆ ಸರಳಿನ ಮ್ಯಾಲೆ, ಮಲಗಿರೋರ್ನ ಬಗ್ಗಿ ನೋಡೋಕೆ ಹಿಡ್ಕಂತಾರಲ್ಲ ಅಂಗೆ... ಈ ಸಲ ಎರಡೂ ಕೈ ಗುರುತು.”