ಪರದೆಯ ಹಿಂದಿನ ತಕ್ಕಡಿ

ಪೀಠವನ್ನು ಅಲಂಕರಿಸಿರುವ ನಿರ್ದೇಶಕರೇ, ಇಲಾಖೆಯಿಂದ ಬಂದಿರುವ ಅತಿಥಿಗಳೇ, ದಾದಿಯರೇ, ತರಬೇತಿ ಮುಗಿಸಿ ಊರೂರಿಗೆ ಹೊರಟಿರುವ ಕಿರಿಯ ವೈದ್ಯರೇ, ಸಭಿಕರೇ,

ನನ್ನ ಮಾತು ಮುಗಿಯುವ ತನಕ ಊಟದ ಕುಶರಿಯ ಪಾತ್ರೆ ತೆರೆಯಬಾರದೆಂದು ಅಪ್ಪಣೆಯಾಗಿದೆಯಂತೆ. ಹಸಿದವರ ಶಾಪ ನನಗೆ ಬೇಡ, ಚುಟುಕಾಗಿ ಹೇಳುತ್ತೇನೆ.

ಇಂದು ಸನ್ಮಾನಗೊಂಡ ಡಾಕ್ಟರ್ ರದ್ವಾ ಏನು ಮಾಡಿದರು? ಹೊಸ ಔಷಧ ಕಂಡುಹಿಡಿದರೇ? ಇಲ್ಲ. ದಮನ್‌ಹೂರಿನ ನಮ್ಮ ಈ ಮಕ್ಕಳ ಆಸ್ಪತ್ರೆಯಲ್ಲಿ ಒಂದು ತಕ್ಕಡಿಯ ಜಾಗ ಬದಲಿಸಿದರು. ಅಷ್ಟೇ.

ತಕ್ಕಡಿ ಮೊದಲು ಎಲ್ಲಿತ್ತು? ಚೀಟಿಗೆ ಸಾಲು ನಿಲ್ಲುವ ಪಡಸಾಲೆಯಲ್ಲಿ. ಅಷ್ಟು ಜನರ ಕಣ್ಣೆದುರು ಮೈತುಂಬಿಕೊಂಡ ಮಗುವನ್ನು ಬಟ್ಟೆ ಬಿಚ್ಚಿ ಮಲಗಿಸಲು ಯಾವ ತಾಯಿಗೆ ಧೈರ್ಯ? ಕಿರಿಯ ವೈದ್ಯರು "ಎಷ್ಟು ತೂಕಮ್ಮಾ?" ಎನ್ನುವರು. ದೃಷ್ಟಿಗೆ ಹೆದರಿದ ತಾಯಿ ಕಡಿಮೆ ಹೇಳುವಳು. ಔಷಧದ ಅಳತೆ ಆ ಲೆಕ್ಕದಲ್ಲೇ ಇಳಿಯುವುದು.

ಹೋದ ಚಳಿಗಾಲ ಮುಅತಜ್ ಎಂಬ ಕೂಸು ನ್ಯುಮೋನಿಯಾದಿಂದ ಬಂತು. ತಾಯಿ ಸನಿಯ್ಯಾ ಏಳು ಕಿಲೋ ಎಂದಳು. ಆಂಟಿಬಯಾಟಿಕ್ ಕೊಟ್ಟೆವು, ಜ್ವರ ಇಳಿಯಿತು, ಮತ್ತೆ ಏರಿತು. ಕೂಸಿನ ಉಸಿರು ಕಟ್ಟಿಕೊಂಡು ಬರುತ್ತಿತ್ತು. ನಾನು, "ಈ ಔಷಧಕ್ಕೆ ರೋಗಾಣು ಬಗ್ತಿಲ್ಲ. ಬೀಗ ಹಾಕಿಟ್ಟಿರೋದನ್ನ ತೆಗೀರಿ" ಎಂದೆ. ಬೇರೆ ಯಾವುದೂ ನಡೆಯದಾಗ ಬಳಸುವ ಕೊನೆಯ ಔಷಧ ಅದು. ಸುಮ್ಮನೆ ಖರ್ಚು ಮಾಡಿದರೆ, ರೋಗಾಣು ಅದಕ್ಕೂ ಪಳಗಿಬಿಡುತ್ತದೆ.

"ಸರ್, ಮಗೂನ ಒಂದ್ಸಲ ತೂಗಿ ನೋಡ್ಲಾ?" ಹಿಂದಿನಿಂದ ರದ್ವಾ ಕೇಳಿದಳು.

ಪ್ರೊಫೆಸರರ ಮಾತಿಗೆ ಹಾಸಿಗೆಯ ಪಕ್ಕದಲ್ಲಿ ಎದುರಾಡುವ ಪದ್ಧತಿ ನಮ್ಮಲ್ಲಿದೆಯೇ? "ತೂಗಮ್ಮಾ, ಆಮೇಲೆ ನನ್ನನ್ನೂ ತೂಗು" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಸನಿಯ್ಯಾ ಕೂಸನ್ನು ಅವಚಿಕೊಂಡಳು. "ಬೇಡ ಡಾಕ್ಟ್ರಮ್ಮ, ಎಲ್ಲಾರೂ ನೋಡ್ತಾರೆ. ಇರೋನೊಬ್ಬ, ಕಣ್ಣು ಬಿದ್ರೆ?"

"ಯಾರೂ ನೋಡಲ್ಲ ಅಕ್ಕಾ. ಎಲ್ಲಾರ್ನೂ ಆಚೆ ಕಳಿಸ್ತೀನಿ. ನಾನೂ ಮಾಷಾ ಅಲ್ಲಾಹ್ ಅಂದ್ಕೊಂಡೇ ನೋಡ್ತೀನಿ, ಆಯ್ತಾ?"

ತಕ್ಕಡಿಯನ್ನು ಒಳಗೆ ಹೊತ್ತು ತಂದು, ಹೊದಿಕೆಗಳನ್ನು ಪರದೆಯಾಗಿ ಕಟ್ಟಿ, ನನ್ನನ್ನೂ ಆಚೆ ಅಟ್ಟಿದಳು. ಕೂಸು ಹತ್ತು ಕಿಲೋ ಇತ್ತು! ಕಡಿಮೆ ಔಷಧ ಕೊಟ್ಟು ಹಾವನ್ನು ಅರೆಹೊಡೆದು ಬಿಟ್ಟಿದ್ದೆವು. ಅದೇ ಹಳೆಯ ಔಷಧವನ್ನು ಸರಿಯಾದ ಅಳತೆಯಲ್ಲಿ ಕೊಟ್ಟೆವು. ಕೂಸು ಉಳಿಯಿತು. ಬೀಗ ತೆಗೆಯಲಿಲ್ಲ. ತಕ್ಕಡಿ ಅಂದಿನಿಂದ ಪರದೆಯ ಹಿಂದೆಯೇ ಇದೆ.

ಇಷ್ಟಕ್ಕೇ ಮುಗಿಸಬೇಕೆಂದು ಬಂದಿದ್ದೆ. ಆದರೆ... ನನ್ನ ಹೆಸರು ಶಹಾತಾ. ಭಿಕ್ಷೆ ಎಂದರ್ಥ, ಹುಡುಗರು ಒಳಗೊಳಗೇ ನಗುತ್ತೀರಿ, ಗೊತ್ತು. ನನಗಿಂತ ಮೊದಲು ಬದ್ರ್ ಎಂಬ ಅಣ್ಣನಿದ್ದ. ಗುಂಡುಗುಂಡಗಿದ್ದನಂತೆ. ಆಸ್ಪತ್ರೆಯಲ್ಲಿ ಜ್ವರದಿಂದ ತೀರಿಕೊಂಡ. ದೃಷ್ಟಿ ತಾಗದೆ ನಾನಾದರೂ ಉಳಿಯಲೆಂದು ಅಮ್ಮ ಮನೆಮನೆಗೆ ಹೋಗಿ ಬಟ್ಟೆ ಬೇಡಿ ತಂದು ನನಗೆ ತೊಡಿಸಿ, ಈ ಹೆಸರಿಟ್ಟಳು. ಅಣ್ಣನಿಗೆ ಔಷಧ ಹಿಡಿಯಲೇ ಇಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಹಿಡಿಯುವಂಥ ಔಷಧ ಕೊಡಬೇಕೆಂದೇ ನಾನು ವೈದ್ಯನಾದೆ.

ಕೂಸನ್ನು ತೂಗಿದ ದಿನ ಮನೆಗೆ ಹೋದಾಗ ಅಮ್ಮ ಹಸಿ ಅವರೆ ಸುಲಿಯುತ್ತಿದ್ದಳು. "ಅಮ್ಮಾ, ಬದ್ರ್‌ನ ಆಸ್ಪತ್ರೇಲಿ ತೂಗಿದ್ರಾ?" ಎಂದೆ.

"ತೂಗೋಕೆ ಬಿಡ್ತೀನಾ? ಅಷ್ಟು ಹೆಂಗಸ್ರ ಮುಂದೆ! ಡಾಕ್ಟ್ರು ಕೇಳಿದ್ರು, ಇದ್ದಿದ್ರಲ್ಲಿ ಅರ್ಧ ಹೇಳ್ದೆ. ನಾನೇನು ಪೆದ್ದೀನಾ?"

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಅಣ್ಣ ಅದರಿಂದಲೇ ಹೋದನೆಂದು ವೈದ್ಯನಾಗಿ ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

"ಯಾಕ್ ಮಗಾ, ಈಗ್ ಕೇಳ್ತೀಯ?"

"ಏನಿಲ್ಲಮ್ಮ. ಒಳ್ಳೇದೇ ಮಾಡ್ದೆ" ಎಂದು ಅವಳ ಪಕ್ಕ ಕುಳಿತು ಅವರೆ ಸುಲಿದೆ.

ಹೋದ ತಿಂಗಳು ಅಮ್ಮ ತೀರಿಕೊಂಡಳು. ಅದಕ್ಕೇ ಇದನ್ನು ಹೇಳಲು ಇಂದು ಬಾಯಿ ಬಂತು. ಕಿರಿಯರೇ, ಔಷಧ ಬರೆಯುವ ಮೊದಲು ಮಗುವನ್ನು ತೂಗಿ. ತಾಯಿ ಸುಳ್ಳು ಹೇಳಿದ್ದು ಗೊತ್ತಾದರೆ ಅವಳನ್ನು ಗದರಬೇಡಿ. ಮಗು ಬದುಕಲೆಂದೇ ಅವಳು ಹಾಗೆ ಹೇಳಿರುತ್ತಾಳೆ.

ಹಸಿವು ತಡೆದು ಕೇಳಿದಿರಿ, ಋಣಿಯಾಗಿದ್ದೇನೆ. ನಮಸ್ಕಾರ.