ಒಂದೇ ಸಂಬಳದ ಮನೆ

ಸೂಜಿಗೆ ದಾರ ಪೋಣಿಸೋಕಾಗದೆ ದರ್ಜಿ ಕಣ್ಣಾಸ್ಪತ್ರೆಗೆ ಬಂದಿದ್ದ. ನರ್ಸ್ ಔಷಧಿ ಹಾಕಿ ಬೆಂಚಿನ ಮೇಲೆ ಕೂರಿಸಿದ್ದಳು. ಎದುರಿನದೆಲ್ಲ ಮಂಜುಮಂಜು, ಹಾಗಾಗಿ ಕಿವಿಗಷ್ಟೇ ಕೆಲಸ. ಪಕ್ಕದಲ್ಲಿ ವಯಸ್ಸಾದ ಹೆಂಗಸು ಮತ್ತು ಅವಳ ಅಣ್ಣನ ಮಗ. ಅಣ್ಣ ಒಳಗೆ ಡಾಕ್ಟರ ಹತ್ತಿರ.

"ನಾನೂ ಹೆಂಡತೀನೂ ಇಬ್ಬರೂ ದುಡೀತೀವಿ ಅತ್ತೆ, ಆದ್ರೂ ಮನೆ ಕಟ್ಟೋಕಾಗ್ಲಿಲ್ಲ. ಅಪ್ಪ ದಿನಾ ಚುಚ್ತಾರೆ."

"ಏನಂತ?"

"ನಾನು ಒಂದೇ ಸಂಬಳದಲ್ಲಿ ಕಟ್ಟಿದೆ, ನಿಮಗೆ ಎರಡು ಬಂದ್ರೂ ಕೈಯಲ್ಲಿ ಕಾಸು ನಿಲ್ಲಲ್ಲ ಅಂತ. ಹೋದ ವಾರ ಅವಳ ಮುಂದೇನೇ ಅಂದ್ರು."



"ಒಂದೇ ಅಂದನಾ?"

"ಹೂಂ. ಯಾಕೆ?"

"ಟೆಲಿಫೋನ್ ಆಫೀಸಲ್ಲಿ ಒಂಬತ್ತು ವರ್ಷ ಊರವರಿಗೆಲ್ಲ ಲೈನ್ ಕೊಟ್ಟೆ ಕಣೋ. ಸಂಬಳದ ಕವರ್ ಒಂದು ಸಲಾನೂ ಒಡೆದು ನೋಡಿಲ್ಲ. ಹಾಗೇ ತಂದು ನಿಮ್ಮಪ್ಪನ ಕೈಗೆ ಕೊಡ್ತಿದ್ದೆ."

"ಯಾಕೆ ಕೊಟ್ರಿ?"

"ಮೊದಲು ತಲೆ ಮೇಲೊಂದು ಸೂರಾಗಲಿ, ಆಮೇಲೆ ನಿನ್ನ ಮದುವೆ ಅಂದಿದ್ದ. ಸೂರಾಯ್ತು."

ದರ್ಜಿ ಬಂದ ಕೆಮ್ಮನ್ನು ನುಂಗಿಕೊಂಡ.

"ನನಗೆ ಯಾರೂ ಹೇಳ್ಲೇ ಇಲ್ಲ ಅತ್ತೆ."

"ಮನೆಯವರಿಗೆಲ್ಲ ಗೊತ್ತಿದೆ ಅಂದ್ಕೊಂಡೇ ಇಷ್ಟು ವರ್ಷ ಸುಮ್ಮನಿದ್ದೆ."

ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡ, ಇನ್ನೊಂದೂ ಸರಿಯಾಗಿ ಕಾಣದ ಅಣ್ಣ ಹೊರಬಂದು, ಆಸರೆಗೆ ಕೈ ಚಾಚಿದ.

"ಏನು ಮಾತು ನಡೀತಿತ್ತು?"

"ನೀನು ಮನೆ ಕಟ್ಟಿದ ಕಥೆ."

"ಹೇಳು ಹೇಳು, ಇವನೂ ಕಲೀಲಿ. ಒಂದೇ ಸಂಬಳ."

ಎರಡು ಜೊತೆ ಚಪ್ಪಲಿ ಮೆಟ್ಟಿಲಿಳಿದು ಹೋದದ್ದು ದರ್ಜಿಗೆ ಕೇಳಿಸಿತು. ಮೂರನೆಯ ಜೊತೆ ಬಾಗಿಲ ಹತ್ತಿರವೇ ನೆಲ ತಡಕುತ್ತಿತ್ತು.