ಹಬ್ಬದ ದಿನ ಮುಚ್ಚಿದ ಗೇಟು

ಶರಣರೇ, ಸಮುದ್ರದಾಚೆಯ ಒಂದು ದೇಶದಲ್ಲಿ ನಮ್ಮ ದೇಶದ ರಾಯಭಾರ ಕಚೇರಿ ಇತ್ತು. ಅದರ ಆಡಳಿತವೆಲ್ಲ ಒಬ್ಬ ಅಧಿಕಾರಿಯ ತಲೆಯ ಮೇಲೆ. ಹೆಸರು ಬೇಕೇ? ಮಲ್ಲಿನಾಥ ಅಂತಿಟ್ಟುಕೊಳ್ಳಿ. ಹೊರಗಿನವರಿಗೆ ರಾಯಭಾರಿ ಕಾಣುತ್ತಾರೆ, ಅವರು ಕೈಕುಲುಕುವುದು ಕಾಣುತ್ತದೆ. ಆದರೆ ನೋಡಿ, ನಲ್ಲಿಯಲ್ಲಿ ನೀರು ಬರಬೇಕು, ಕಾರು ಹೊತ್ತಿಗೆ ಸರಿಯಾಗಿ ಹೊರಡಬೇಕು, ಯಾವ ದೇಶದವರನ್ನು ಯಾರ ಪಕ್ಕ ಕೂರಿಸಬಾರದು ಅಂತ ಗೊತ್ತಿರಬೇಕು. ಅದೆಲ್ಲ ಮಲ್ಲಿನಾಥನ ಕೆಲಸ. ದೇಶ ದೇಶ ಸುತ್ತಿ, ಹೋದಲ್ಲೆಲ್ಲ ಸೈ ಅನ್ನಿಸಿಕೊಂಡ ಮನುಷ್ಯ.

ಗಣರಾಜ್ಯೋತ್ಸವ ಬಂತು. ಅಂದು ಕಚೇರಿಗೆ ರಜೆ, ಸಂಜೆ ಔತಣ. ಆಮಂತ್ರಣ ಇಲ್ಲದವರನ್ನು ಒಳಗೆ ಬಿಡಕೂಡದು ಅಂತ ಕಾವಲುಗಾರರಿಗೆ ಮಲ್ಲಿನಾಥನೇ ಹೇಳಿದ್ದ. ತಪ್ಪೇನು? ದೊಡ್ಡ ದೊಡ್ಡವರು ಬರುವ ಜಾಗ. ಆ ದೇಶದ ಮಂತ್ರಿ ಇನ್ನೇನು ಬರಬೇಕು. ಮಂತ್ರಿ ಕಾರಿನಿಂದ ಇಳಿಯುವಾಗ ಎದುರುಗೊಳ್ಳಲು ಇವನು ಬಾಗಿಲಲ್ಲೇ ನಿಂತಿರಬೇಕು. ಅದು ಅಲ್ಲಿಯ ಪದ್ಧತಿ, ಕದಲುವಂತಿಲ್ಲ.

ಆಗ ಗೇಟಿನ ಹತ್ತಿರ ಗಲಾಟೆ. ಬರಿಗಾಲಿನ ಒಬ್ಬ ಹೆಂಗಸನ್ನು ಕಾವಲುಗಾರ ಆಚೆ ಕಳಿಸುತ್ತಿದ್ದ. ನಮ್ಮ ಕೊಪ್ಪಳದ ಕಡೆಯವಳು, ಮನೆಗೆಲಸಕ್ಕೆಂದು ಆ ದೇಶಕ್ಕೆ ಹೋದವಳು. ಧಣಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಕೂಡಿಹಾಕಿ ಹೊಡೆಯುತ್ತಿದ್ದ. ತಪ್ಪಿಸಿಕೊಂಡು ಓಡಿ ಬಂದಿದ್ದಳು. ಅವನ ಕಾರು ರಸ್ತೆಯ ಆ ಬದಿಯಲ್ಲೇ ಕಾಯುತ್ತಿತ್ತು. ಇವಳು ಗೇಟಿನಿಂದ ತಿರುಗಿ ಹೋದರೆ ಅದರೊಳಕ್ಕೇ ಹೋಗಬೇಕು.

ಮಲ್ಲಿನಾಥ ನಿಂತ ಜಾಗ ಬಿಟ್ಟು ಗೇಟಿಗೆ ಹೋದ. ಅವಳು ಹೇಳಿದ್ದು ಇಷ್ಟೇ: "ಅಣ್ಣಾರ, ನನಗ ಬೋರ್ಡ್ ಓದಾಕ ಬರಂಗಿಲ್ರಿ. ನಮ್ಮ ಬಾವುಟ ನೋಡಿ ಬಂದೀನಿ. ಇದು ನಮ್ಮದಲ್ಲೇನ್ರಿ?"

ದೇಶದ ಹಬ್ಬ, ದೇಶದವಳಿಗೇ ಬಾಗಿಲಿಲ್ಲ! ಈ ನಿಯಮ ಮಾಡಿದವರು ಯಾರು? ತಾನೇ. ದೊಡ್ಡ ಗೇಟು ತೆಗೆಸಿದ. ಅತಿಥಿಗಳ ಮಧ್ಯದಿಂದಲೇ ಅವಳನ್ನು ಕರೆದೊಯ್ದು, ತನ್ನ ಕೋಣೆಯಲ್ಲಿ ಕೂರಿಸಿ ಊಟ ತರಿಸಿದ. ಅಷ್ಟರಲ್ಲಿ ಮಂತ್ರಿ ಬಂದು, ಎದುರುಗೊಳ್ಳುವವರಿಲ್ಲದೆ ತಾವೇ ಕಾರಿನ ಬಾಗಿಲು ತೆಗೆದುಕೊಂಡು ಇಳಿದಿದ್ದರು.

ರಾಯಭಾರಿ ಕೆಂಡವಾದರು. ಜಾಗ ಬಿಟ್ಟಿದ್ದೇಕೆ ಅಂತ ಕೇಳಿದರು.

"ಸರ್, ಮಂತ್ರಿಗಳಿಗೆ ಈ ಊರಲ್ಲಿ ಹೋಗೋಕೆ ಹತ್ತು ಮನೆ ಇವೆ. ಅವಳಿಗೆ ಇರೋದು ಇದೊಂದೇ," ಅಂದ ಮಲ್ಲಿನಾಥ.

ಮರುದಿನ ಆಕೆ ಊರಿಗೆ ಹೋಗಲು ಬೇಕಾದ ಕಾಗದಪತ್ರಕ್ಕೆ ರಾಯಭಾರಿಯೇ ಸಹಿ ಹಾಕಿದರು. ಸ್ವಲ್ಪ ದಿನಕ್ಕೇ ಆಕೆ ತನ್ನ ಊರು ಸೇರಿದಳು. ಆ ವರ್ಷದಿಂದ ಹಬ್ಬದ ದಿನವೂ ಆ ಕಚೇರಿಯಲ್ಲಿ ನಮ್ಮವರಿಗೊಂದು ಬಾಗಿಲು ತೆರೆದಿರುತ್ತದೆ. ಇಂಥವನಿಗೆ ನಾವು ಕೈಮುಗಿಯಬೇಕು ಶರಣರೇ.

ಈಗ ನಿಮ್ಮ ಕಡೆ ಬರೋಣ. ಗೃಹಪ್ರವೇಶ ಮಾಡುತ್ತೀರಿ, ಮದುವೆ ಮಾಡುತ್ತೀರಿ. ಅದೇ ಹೊತ್ತಿಗೆ ಕಷ್ಟದಲ್ಲಿರುವ ನಿಮ್ಮವರೇ ಬಾಗಿಲಿಗೆ ಬಂದರೆ ಏನನ್ನುತ್ತೀರಿ? "ಇವತ್ತ ಮಂದಿ ಅದಾರ, ನಾಳಿ ಬಾ." ಮಂದಿ ಅಂದರೆ ಯಾರು? ಎಮ್ಮೆಲ್ಲೆ ಬರುತ್ತಾರೆಂದು ಒಡಹುಟ್ಟಿದ ಅಕ್ಕನನ್ನು ಹಿತ್ತಲಲ್ಲಿ ಕೂರಿಸಿದವರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ಮುಂದಿನ ಸಲ ದೊಡ್ಡವರನ್ನು ಎದುರುಗೊಳ್ಳಲು ಬೇರೆ ಯಾರನ್ನಾದರೂ ನಿಲ್ಲಿಸಿ. ನೀವು ಮಾತ್ರ ಹೊರಗೆ ಹೋಗಿ, ಒಳಗೆ ಬರಲು ಅಂಜಿ ನಿಂತವರನ್ನು ಕೈಹಿಡಿದು ಕರೆತನ್ನಿ. ಪಂಕ್ತಿಯಲ್ಲಿ ಮೊದಲ ಎಲೆ ಅವರಿಗೆ ಹಾಕಿ.